ಸೋಮವಾರದ ಬೆಡ್‌ಶೀಟುಗಳು

ಅರ್ಜಿಯಲ್ಲಿ ಮೂರು ಚೌಕಗಳಿದ್ದವು. ಒಂದಕ್ಕೆ ಮಾತ್ರ ಗುರುತು ಹಾಕಬೇಕು. ಮೊದಲನೆಯದು ಮನಶ್ಶಾಸ್ತ್ರಜ್ಞೆ, ಎರಡನೆಯದು ಸಮಾಜ ಕಾರ್ಯಕರ್ತೆ, ಮೂರನೆಯದು ಮನೋರೋಗ ವಿಭಾಗದ ನರ್ಸು. ಕೆಳಗೆ ಒಂದೇ ಒಂದು ಗೆರೆ: ಈ ಕೆಲಸವನ್ನು ಏಕೆ ಆರಿಸಿಕೊಳ್ಳುತ್ತೀರಿ? ಆಕ್ಲೆಂಡಿನಲ್ಲಿ ಎರಡು ವರ್ಷ, ಖರ್ಚೆಲ್ಲ ಅವರದು, ಈ ಟೋಂಗಾ ದ್ವೀಪದಿಂದ ಒಬ್ಬರಿಗೆ. ಅಲ್ಲಿಂದ ಬಂದಿದ್ದ ಡಾಕ್ಟರ್ ಫಿಲಿಪಾ ಮೂರೂವರೆಗೆ ವಿಮಾನಕ್ಕೆ ಹೊರಡುವವರು, ಅಷ್ಟರೊಳಗೆ ಅರ್ಜಿ ಅವರ ಚೀಲ ಸೇರಬೇಕು. ಲೆಸಿಯೆಲಿ ಅದನ್ನು ನಾಲ್ಕು ಮಡಿಕೆ ಮಾಡಿ ಸಮವಸ್ತ್ರದ ಜೇಬಿನಲ್ಲಿಟ್ಟುಕೊಂಡಿದ್ದಳು. ಬಗ್ಗಿದಾಗಲೆಲ್ಲ ಅದು ಸದ್ದು ಮಾಡುತ್ತಿತ್ತು. ಸೋಮವಾರವಾದ್ದರಿಂದ ಬಗ್ಗುವುದೇ ಕೆಲಸ. ದೇವರ ದಿನವೆಂದು ಭಾನುವಾರ ಈ ಊರಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ, ಒಗೆದದ್ದನ್ನು ತಂತಿಯ ಮೇಲೆ ಬಿಡುವುದೂ ಇಲ್ಲ. ಎರಡು ದಿನದ ಬೆಡ್‌ಶೀಟುಗಳು ಮನೋರೋಗ ವಾರ್ಡಿನ ಹಿಂಬಾಗಿಲಲ್ಲಿ ಗುಡ್ಡೆ ಬಿದ್ದಿರುತ್ತವೆ. ಬಿಳಿ ಸಮವಸ್ತ್ರದ ಮೇಲೆ ಸೊಂಟಕ್ಕೆ ಸುತ್ತಿದ ಹಳೆಯ ಚಾಪೆ ಬಗ್ಗಿದಾಗ ಹೊಟ್ಟೆಗೆ ಚುಚ್ಚುತ್ತಿತ್ತು. ಗಂಡ ಫೆಲೆತಿ ಸತ್ತು ಎಂಟು ತಿಂಗಳು. ಇನ್ನು ನಾಲ್ಕು ತಿಂಗಳು ಈ ಶೋಕದ ಚಾಪೆ ಸೊಂಟ ಬಿಡುವಂತಿಲ್ಲ. ಮಾರ್ಚಿನ ಸೆಖೆಗೆ ಬೆನ್ನೆಲ್ಲ ಒದ್ದೆಯಾಗಿತ್ತು. ಆದರೆ ಬೂಟಿನೊಳಗೆ ಅವಳ ಪಾದಗಳು ತಣ್ಣಗಿದ್ದವು. ಅವು ಯಾವಾಗಲೂ ಹಾಗೆಯೇ. ರಾತ್ರಿ ಅವುಗಳಿಗೆ ಫೆಲೆತಿಯ ರಗ್ಬಿ ಅಂಗಿ ಸುತ್ತಿಕೊಂಡು ಮಲಗುತ್ತಾಳೆ. ಅಂಗಿಯಿಂದ ಅವನ ವಾಸನೆ ಹೋಗಿ, ಈಗ ಅವಳ ಕಾಲಿನ ವಾಸನೆಯಷ್ಟೇ ಉಳಿದಿದೆ.

"ಹಾಕಿದ್ಯೇನೇ ಗುರುತು?" ಹೆಡ್ ಸಿಸ್ಟರ್ ವೀಕಾ ಮಾತ್ರೆಯ ತಟ್ಟೆ ಹಿಡಿದುಕೊಂಡು ಬಂದು ಕೇಳಿದಳು. "ಮೊದಲನೇದಕ್ಕೆ ಹಾಕಿ ಕೊಡು, ಮುಗೀತು. ಸೂವಾ ಯೂನಿವರ್ಸಿಟೀಲಿ ಮನಶ್ಶಾಸ್ತ್ರ ಓದಿ ಬಂದೋಳು ಇಲ್ಲಿ ಹಾಸಿಗೆ ಒಣಗಿಸ್ತಾ ಕೂತಿದೀಯ."

"ಹಾಕ್ತೀನಿ ಅಕ್ಕ."

"ಹಾಕ್ತೀನಿ ಅಂತ ಶುಕ್ರವಾರಾನೂ ಅಂದೆ. ನನಗಾಗಿದ್ರೆ ಈ ಹೊತ್ತಿಗೆ ಮೂರಕ್ಕೂ ಹಾಕಿ ವಿಮಾನದಲ್ಲಿ ಕೂತಿರ್ತಿದ್ದೆ." ವೀಕಾ ಹತ್ತಿರ ಬಂದು ದನಿ ತಗ್ಗಿಸಿದಳು. "ಹೋಗು ಕಣೆ. ಇಲ್ಲಿದ್ರೆ ದಿನಾ ನೋಡಬೇಕಾಗುತ್ತೆ." ಮಾತ್ರೆಯ ತಟ್ಟೆಯಿಂದಲೇ ಗಂಡಸರ ಕೋಣೆಯ ಕಡೆ ತೋರಿಸಿದಳು.

ಆ ಕೋಣೆಯಲ್ಲಿ ಸೆಮಿಸಿ ಇದ್ದ, ಅವಳ ದೊಡ್ಡಮ್ಮನ ಮಗ. ದೊಡ್ಡಮ್ಮನ ಮಗ ಎಂದರೆ ಒಡಹುಟ್ಟಿದ ಅಣ್ಣನೇ. ಹತ್ತೊಂಬತ್ತು ದಿನಗಳ ಹಿಂದೆ ದೊಡ್ಡಮ್ಮ ಅವನ ತೋಳು ಹಿಡಿದು ಕರೆತಂದಿದ್ದಳು. ಊಟ ಬಿಟ್ಟಿದ್ದ, ಸ್ನಾನ ಬಿಟ್ಟಿದ್ದ, ಮಾತು ಬಿಟ್ಟಿದ್ದ. ದೊಡ್ಡಮ್ಮ ಬಾಗಿಲಲ್ಲಿ ಲೆಸಿಯೆಲಿಯನ್ನು ಕಂಡಾಗ ಮೊದಲು ಹೇಳಿದ ಮಾತು, "ನೀನು ಇದೀಯ ಅಂತ ಗೊತ್ತಾದ್ರೆ ಅವನು ಒಳಗೇ ಬರಲ್ಲ, ಪಕ್ಕಕ್ಕೆ ಹೋಗಮ್ಮ" ಎಂದು. ಲೆಸಿಯೆಲಿ ಪಕ್ಕಕ್ಕೆ ಹೋಗಿದ್ದಳು. ಹತ್ತು ವರ್ಷದವಳಾದಾಗಿನಿಂದ ಹೋಗುತ್ತಲೇ ಇದ್ದಳು. ಅಣ್ಣ ತಂಗಿಯರಿಗೆ ಇಲ್ಲಿಯ ಕಟ್ಟಳೆ ಅದು: ಅವಳು ಬಂದರೆ ಅವನು ಏಳಬೇಕು, ಅವನಿರುವಲ್ಲಿ ಅವಳು ಕೂರಬಾರದು, ಇಬ್ಬರೂ ಒಂದು ಸೂರಿನಡಿ ಮಲಗಬಾರದು. ಮೈಯ ಮಾತು, ಗಂಡ ಹೆಂಡಿರ ಮಾತು ಒಬ್ಬರ ಎದುರು ಇನ್ನೊಬ್ಬರ ಕಿವಿಗೆ ಬೀಳಬಾರದು. ಮದುವೆ ಮನೆಯಲ್ಲಿ ಹೆಂಗಸರು ಪೋಲಿ ಮಾತಾಡಿ ನಗುತ್ತಿರುವಾಗ ಯಾರಾದರೂ "ಅವಳಣ್ಣ ಇದ್ದಾನೆ" ಎಂದು ಕೆಮ್ಮಿದರೆ ಸಾಕು, ಎಲ್ಲರೂ ತಟ್ಟೆ ನೋಡುತ್ತಿದ್ದರು. ಇದೆಲ್ಲ ಅವಳಿಗೆ ಎಂದೂ ಭಾರವಾಗಿರಲಿಲ್ಲ. ಅಣ್ಣ ತನಗಾಗಿ ಎದ್ದು ಹೋಗುವುದು ಒಂದು ಬಗೆಯ ಉಡುಗೊರೆ ಎಂದೇ ತಿಳಿದು ಬೆಳೆದಿದ್ದಳು. ಈಗ ಅವನು ಈ ವಾರ್ಡಿನ ರೋಗಿ, ಅವಳು ನರ್ಸು. ಅವನ ಬೆನ್ನು ಒರೆಸುವಂತಿಲ್ಲ, ನಾಡಿ ಹಿಡಿಯುವಂತಿಲ್ಲ, ಏಕೆ ಉಣ್ಣುತ್ತಿಲ್ಲ ಎಂದು ಕೇಳುವಂತಿಲ್ಲ. ವೀಕಾ ಸುಮ್ಮನೆ ಸರದಿ ಬದಲಾಯಿಸಿದ್ದಳು. ಗಂಡಸರ ಕೋಣೆ ಗಂಡು ನರ್ಸು ತಾನಿಯೆಲಾನಿಗೆ, ಹೆಂಗಸರ ಕೋಣೆ ಮತ್ತು ಒಗೆತ ಲೆಸಿಯೆಲಿಗೆ. ತಾನಿಯೆಲಾ ಚಮಚದಲ್ಲಿ ಗಂಜಿ ಹಿಡಿದರೆ ಎರಡು ಚಮಚ ಒಳಗೆ ಹೋಗುತ್ತಿತ್ತು, ಮೂರನೆಯದಕ್ಕೆ ಬಾಯಿ ಮುಚ್ಚುತ್ತಿತ್ತು. ಆ ಲೆಕ್ಕವನ್ನು ಅವನು ಅವಳಿಗೆ ಹೇಳುತ್ತಿರಲಿಲ್ಲ. ಸಿಂಕಿನಲ್ಲಿ ಉಳಿದ ಬಟ್ಟಲು ನೋಡಿ ಅವಳೇ ತಿಳಿದುಕೊಳ್ಳುತ್ತಿದ್ದಳು.

ಶುಕ್ರವಾರ ಡಾಕ್ಟರ್ ಫಿಲಿಪಾ ಸೆಮಿಸಿಯನ್ನು ಮಾತಾಡಿಸಲು ಕೂತಿದ್ದರು. ಒಳ್ಳೆಯ ಹೆಂಗಸು, ಕೂದಲು ನರೆತದ್ದನ್ನು ಮುಚ್ಚಿಕೊಳ್ಳದವರು, ಬಂದ ಮೊದಲ ದಿನವೇ ಎಲ್ಲರ ಹೆಸರು ಕಲಿತವರು. ಎರಡು ಕುರ್ಚಿ ಎದುರುಬದುರು ಹಾಕಿಸಿ, ಕಾರಿಡಾರಿನಲ್ಲಿ ಹೋಗುತ್ತಿದ್ದ ಲೆಸಿಯೆಲಿಯನ್ನು ಕೂಗಿದ್ದರು: "ನೀನು ಓದಿದವಳು, ಬಾ, ಭಾಷಾಂತರ ಮಾಡು. ನಿದ್ದೆ ಹೇಗೆ ಬರುತ್ತೆ ಕೇಳು. ಹೆಂಡತಿ ಇದ್ದಾಳಾ, ಇಬ್ಬರೂ ಹೇಗಿದ್ದಾರೆ ಕೇಳು." ಲೆಸಿಯೆಲಿ ಬಾಗಿಲಲ್ಲಿ ನಿಂತಳು. ಸೆಮಿಸಿ ಗೋಡೆಯ ಕಡೆ ತಿರುಗಿದ, ಕುರ್ಚಿಯಲ್ಲೇ ಕುಗ್ಗಿದ. ಅವನು ಎದ್ದು ಹೋಗಲು ನೋಡುತ್ತಿದ್ದಾನೆ, ಕಾಲಲ್ಲಿ ಶಕ್ತಿಯಿಲ್ಲ ಎಂದು ಅವಳಿಗೆ ತಿಳಿಯಿತು. ಇವನು ನನ್ನ ಅಣ್ಣ ಎಂದು ಹೇಳಿದ್ದರೆ ಆಗುತ್ತಿತ್ತು. ಆದರೆ ಅವನ ಎದುರು ಆ ಮಾತಾಡಲೂ ನಾಲಿಗೆ ಏಳಲಿಲ್ಲ. ಸೂವಾದ ಚಿನ್ನದ ಪದಕದ ಹುಡುಗಿ ಶಾಲೆಯಲ್ಲಿ ಪಾಠ ಒಪ್ಪಿಸಲಾಗದವಳಂತೆ ನೆಲ ನೋಡುತ್ತ ನಿಂತಿದ್ದಳು. ಡಾಕ್ಟರ್ ಫಿಲಿಪಾ ಕನ್ನಡಕ ಸರಿಮಾಡಿಕೊಂಡು, ಹಾಳೆಯ ಅಂಚಿನಲ್ಲಿ ಏನೋ ಬರೆದುಕೊಂಡರು. ಸೆಮಿಸಿಯ ಬಗ್ಗೆಯೋ ತನ್ನ ಬಗ್ಗೆಯೋ ಎಂದು ಲೆಸಿಯೆಲಿ ಎರಡು ದಿನ ಯೋಚಿಸಿದ್ದಳು. ಅದೇ ಸಂಜೆ ಅವರೇ ಅರ್ಜಿ ಕೊಟ್ಟು, ಅವಳ ಭುಜ ತಟ್ಟಿ ಹೋಗಿದ್ದರು.

ಮೊದಲನೆಯ ಚೌಕದ ಹಿಂದೆ ಒಂದು ಕೋಣೆಯಿತ್ತು. ಲೆಸಿಯೆಲಿ ಅದನ್ನು ಎಷ್ಟೋ ವರ್ಷಗಳಿಂದ ಮನಸ್ಸಿನಲ್ಲೇ ಬಲ್ಲಳು. ನೆಲಕ್ಕೆ ದಪ್ಪ ಹಾಸು, ಎರಡು ಕುರ್ಚಿ, ಕಿಟಕಿಯ ಹತ್ತಿರ ಒಂದು ಕುಂಡ, ಮುಚ್ಚಿದರೆ ಸದ್ದಾಗದ ಬಾಗಿಲು. ಅಲ್ಲಿ ಯಾರೂ ಹೇಲು ಬಳಿದ ಹಾಸಿಗೆ ತರುವುದಿಲ್ಲ. ಬಂದವರು ಮಾತು ತರುತ್ತಾರೆ, ಗಂಟೆಯಾದಾಗ ತೆಗೆದುಕೊಂಡು ಹೋಗುತ್ತಾರೆ. "ಮಾತಾಡೋಕೆ ಸಂಬಳ ಕೊಡ್ತಾರೇನೆ?" ಎಂದು ಫೆಲೆತಿ ಬಲೆ ಹೊಲಿಯುತ್ತ ನಗುತ್ತಿದ್ದ. "ನಮ್ಮಮ್ಮನ್ನ ಕಳಿಸ್ತೀನಿ ತಡಿ, ಓವರ್‌ಟೈಮೂ ಮಾಡ್ತಾಳೆ." ಆದರೂ ಅವನೇ ಹೇಳಿದ್ದ, ಹೋಗು, ಆಕ್ಲೆಂಡಿನಲ್ಲೂ ಸಮುದ್ರ ಇದೆ, ನಾನು ಅಲ್ಲೇ ಮೀನು ಹಿಡೀತೀನಿ ಎಂದು. ಈಗ ಆ ಕೋಣೆಯ ಕಲ್ಪನೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಹಿತವಾಗಿ ಕಾಣುತ್ತಿದ್ದದ್ದು ಕುರ್ಚಿಯೂ ಅಲ್ಲ, ಕುಂಡವೂ ಅಲ್ಲ. ಅಲ್ಲಿ ಎದುರು ಕೂತವರು ಯಾರೂ ಅವಳ ಅಣ್ಣನಾಗಿರುವುದಿಲ್ಲ.

ಏಕೆಂದರೆ ಅವಳು ತಪ್ಪಿದ್ದು ಅಲ್ಲೇ. ಜುಲೈಯಲ್ಲಿ ಇಬ್ಬರೂ ಒಂದೇ ದೋಣಿಯಲ್ಲಿ ಹೋಗಿದ್ದರು, ಫೆಲೆತಿ ಮತ್ತು ಸೆಮಿಸಿ. ಸೆಮಿಸಿ ಒಬ್ಬನೇ ಬಂದ. ಮೂರನೆಯ ದಿನ ಫೆಲೆತಿ ಹವಳದ ದಿಬ್ಬದ ಹತ್ತಿರ ಸಿಕ್ಕ. ಏನಾಯಿತು ಎಂದು ಪೊಲೀಸರು ಕೇಳಿದರು, ಪಾದ್ರಿ ಕೇಳಿದರು, ಅವಳು ಕೇಳಲಿಲ್ಲ. ಕೇಳುವಂತಿರಲಿಲ್ಲ. ಎಂಜಿನ್ ನಿಂತಿತು, ಅವನು ಈಜಿ ಹೋದ ಎಂದಷ್ಟೇ ಅವಳಿಗೆ ಬೇರೆಯವರ ಬಾಯಿಂದ ಬಂದಿತ್ತು. ಆಮೇಲೆ ಸೆಮಿಸಿ ಅವಳನ್ನು ದಾರಿಯಲ್ಲಿ ಕಂಡರೆ ಬೇಲಿಯ ಕಡೆ ತಿರುಗುತ್ತಿದ್ದ. ಚರ್ಚಿನಲ್ಲಿ ಅವಳು ಬಂದರೆ ಹೊರಗೆ ಹೋಗಿ ಮಾವಿನ ಮರದ ಕೆಳಗೆ ನಿಲ್ಲುತ್ತಿದ್ದ. ಅವಳ ಮನೆಯ ಮುಂದೆ ಗೆಣಸಿನ ಬುಟ್ಟಿ ಇಟ್ಟು, ಕೂಗದೆ ಹೋಗುತ್ತಿದ್ದ. "ಎಂಥ ಮರ್ಯಾದಸ್ತ ಹುಡುಗ," ಎಂದರು ಎಲ್ಲರೂ. "ಈ ಕಾಲದಲ್ಲೂ ತಂಗಿಗೆ ಇಷ್ಟು ಬಗ್ಗೋರು ಯಾರಿದಾರೆ?" ಅವನು ಸಣ್ಣಗಾದ. ತಂಗಿಯ ದುಃಖಕ್ಕೆ ಉಪವಾಸ ಮಾಡುತ್ತಿದ್ದಾನೆ ಎಂದರು. ಅವನ ಮಾತು ನಿಂತಿತು. ಗಂಭೀರನಾದ ಎಂದರು. ಅವಳಿಗೂ ಹೆಮ್ಮೆಯೆನಿಸಿತ್ತು. ಕಣ್ಣು ತಪ್ಪಿಸುವುದು, ಜನರಿಂದ ದೂರ ಉಳಿಯುವುದು, ಹಸಿವು ಕಡಿಮೆಯಾಗುವುದು, ಮಾತು ಕಡಿಮೆಯಾಗುವುದು, ಇವೇ ರೋಗದ ಮೊದಲ ಲಕ್ಷಣ ಎಂದು ನರ್ಸಿಂಗ್ ಹುಡುಗಿಯರಿಗೆ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದವಳು ಅವಳೇ. ಆ ಒಂದೊಂದೂ ಎಂಟು ತಿಂಗಳು ಅವಳ ಮುಂದೆಯೇ ನಡೆದು ಹೋಗಿತ್ತು, ಅವಳು ತಲೆಬಾಗಿ ಗೌರವ ಸ್ವೀಕರಿಸಿದ್ದಳು.

ಎರಡು ಗಂಟೆಗೆ ಬೆಡ್‌ಶೀಟುಗಳು ಒಣಗಿದ್ದವು. ವಾರ್ಡಿನ ಹಿಂದೆ ನಾಲ್ಕು ಸಾಲು ತಂತಿ, ಸಾಲಿನ ತುದಿಗೆ ಒಂದು ದೀವಿ ಹಲಸಿನ ಮರ, ಮರದ ಬುಡದಲ್ಲಿ ಯಾರದೋ ಹಂದಿ. ಫುಸಿ ಅಜ್ಜಿ ಕ್ಲಿಪ್ಪಿನ ಚೀಲವನ್ನು ಕೊರಳಿಗೆ ಹಾಕಿಕೊಂಡು ಜೊತೆಗೆ ಬಂದಿದ್ದಳು. ಅವಳು ಹನ್ನೊಂದು ವರ್ಷದಿಂದ ಈ ವಾರ್ಡಿನಲ್ಲಿದ್ದಾಳೆ. ಮಾತ್ರೆಗಳಿಂದ ಕೈ ನಡುಗುತ್ತದೆ, ನಾಲಿಗೆ ಮಾತ್ರ ನಡುಗುವುದಿಲ್ಲ. ಪಾದ್ರಿ ಬಂದ ದಿನ ಅವಳನ್ನು ಹಿತ್ತಲಿಗೆ ಕಳಿಸುತ್ತಾರೆ.

"ನಿನ್ನ ಜೇಬಲ್ಲಿ ಇಲಿ ಇದೆ," ಎಂದಳು ಅಜ್ಜಿ. "ಬೆಳಗ್ಗಿಂದ ಪರಪರ ಅಂತಿದೆ."

"ಅರ್ಜಿ ಅಜ್ಜಿ. ಆಕ್ಲೆಂಡಿಗೆ."

"ಅಲ್ಲಿ ಹುಚ್ಚರು ಕಮ್ಮಿ ಇದಾರಾ?"

"ಅಲ್ಲೂ ಇದಾರೆ."

"ಮತ್ತೆ ಇಲ್ಲಿರೋರಿಗೇನು ರೋಗ? ನಾವೇನು ರುಚಿ ಇಲ್ವಾ?"

ಅಷ್ಟರಲ್ಲಿ ಹಿಂಬಾಗಿಲು ತೆರೆದ ಸದ್ದಾಯಿತು. ತಾನಿಯೆಲಾ ಯಾರನ್ನೋ ಬಿಸಿಲಿಗೆ ಕರೆತಂದು, ಬೆಡ್‌ಶೀಟುಗಳ ಆಚೆ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂರಿಸಿದ. "ಇಲ್ಲೇ ಇರು ಮಾರಾಯ, ನೀರು ತರ್ತೀನಿ" ಎಂದು ಒಳಗೆ ಹೋದ. ಈಚೆ ಲೆಸಿಯೆಲಿ ಇರುವುದು ಅವನಿಗೆ ಕಂಡಿರಲಿಲ್ಲ. ಬೆಡ್‌ಶೀಟಿನ ಅಂಚಿನ ಕೆಳಗೆ ಎರಡು ಬರಿಗಾಲು ಕಂಡವು. ಎಡಗಾಲಿನ ಕಿರುಬೆರಳಿಗೆ ಉಗುರಿಲ್ಲ. ಏಳು ವರ್ಷದವಳಾಗಿದ್ದಾಗ, ಇನ್ನೂ ಒಟ್ಟಿಗೆ ಆಡಬಹುದಾಗಿದ್ದಾಗ, ಆ ಬೆರಳ ಮೇಲೆ ಕಲ್ಲು ಬಿದ್ದದ್ದನ್ನು ಅವಳು ನೋಡಿದ್ದಳು. ಅವಳು ಮಾಡಬೇಕಾದದ್ದು ಸ್ಪಷ್ಟವಿತ್ತು, ಕೆಮ್ಮಬೇಕು. ಕೆಮ್ಮಿದಳು. ಕಾಲುಗಳು ನೆಲವನ್ನು ಒತ್ತಿದವು, ಹಿಮ್ಮಡಿ ಎದ್ದವು, ಮತ್ತೆ ಕೂತವು. ಅವನಿಗೆ ಏಳಲಾಗಲಿಲ್ಲ. ಹಾಗಾದರೆ ಅವಳು ಹೋಗಬೇಕು. ಬುಟ್ಟಿ ಅರ್ಧ ತುಂಬಿತ್ತು. ಅವಳು ಮುಂದಿನ ಕ್ಲಿಪ್ಪು ತೆಗೆದು ಅಜ್ಜಿಯ ಚೀಲಕ್ಕೆ ಹಾಕಿದಳು, ಅದರ ಮುಂದಿನದನ್ನೂ ಹಾಕಿದಳು. ಕೈಗೆ ಕೆಲಸವಿದ್ದದ್ದರಿಂದ ಕಾಲು ನಿಂತಲ್ಲೇ ನಿಂತಿತು.

"ಅಜ್ಜಿ," ಎಂದಳು, "ಆ ಕಡೆ ಕೂತಿರೋರು ಮಧ್ಯಾಹ್ನ ಏನಾದ್ರೂ ತಿಂದ್ರಂತಾ?"

"ನನ್ನ ಯಾಕೆ ಕೇಳ್ತೀಯ? ಅವನ ಬಾಯಿ ಅವನತ್ರಾನೇ ಇದೆ."

"ನಾನು ನಿನ್ನ ಕೇಳ್ತಿದೀನಿ."

ಅಜ್ಜಿ ಅವಳ ಮುಖ ನೋಡಿದಳು, ಕೆಳಗಿನ ಕಾಲು ನೋಡಿದಳು. ಅವಳೂ ಈ ದ್ವೀಪದವಳೇ, ಅವಳಿಗೂ ಎಂದೋ ಅಣ್ಣಂದಿರಿದ್ದರು. "ಲೋ ಮಗಾ, ತಿಂದ್ಯಾ?" ಎಂದು ಕೂಗಿದಳು. ಕೆಳಗಿನ ಕಾಲು ಹಿಂದಕ್ಕೆ ಸರಿಯಿತು. "ಇಲ್ವಂತೆ," ಎಂದಳು.

ಲೆಸಿಯೆಲಿ ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಬಂದಳು. ಅವನ ಮುಂದಿನ ಸಾಲನ್ನು ಹಾಗೆಯೇ ಬಿಟ್ಟಳು. ಬಿಳಿ ಬಟ್ಟೆಗೆ ಬಾಯಿ ಹತ್ತಿರವಿತ್ತು. "ಅಜ್ಜಿ, ನಂಗೊಬ್ಬ ಅಣ್ಣ ಇದಾನೆ," ಎಂದಳು. "ಎಂಟು ತಿಂಗಳು ನನ್ನ ಕಂಡ್ರೆ ಬೆನ್ನು ತಿರುಗಿಸ್ತಿದ್ದ. ಮರ್ಯಾದೆ ಕೊಡ್ತಿದಾನೆ ಅಂದ್ಕೊಂಡೆ. ಬೇರೆ ಯಾರದೋ ಅಣ್ಣ ಆಗಿದ್ರೆ ಒಂದು ವಾರದಲ್ಲಿ ರೋಗ ಅಂತ ಗೊತ್ತಾಗ್ತಿತ್ತು ನಂಗೆ. ನನ್ನ ಅಣ್ಣ ಆಗಿದ್ದಕ್ಕೇ ಗೊತ್ತಾಗ್ಲಿಲ್ಲ." ಅಷ್ಟು ಹೇಳುವಷ್ಟರಲ್ಲಿ ನಾಲ್ಕು ಕ್ಲಿಪ್ಪು ಚೀಲ ಸೇರಿದವು. ಹಂದಿ ಎದ್ದು ಮತ್ತೊಂದು ಕಡೆ ಮಲಗಿತು.

"ಅಜ್ಜೀ."

ಹತ್ತೊಂಬತ್ತು ದಿನಕ್ಕೂ ಹೆಚ್ಚು ಬಳಸದ ಗಂಟಲು. ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು.

"ಹೇಳೋ."

"ಅಲ್ಲಿ ಯಾರಾದ್ರೂ ಇದಾರಾ?"

ಅಜ್ಜಿ ಲೆಸಿಯೆಲಿಯನ್ನು ನೋಡಿದಳು. "ಯಾರೂ ಇಲ್ಲ," ಎಂದಳು. "ಬರೀ ಬೆಡ್‌ಶೀಟು."

ಆಚೆಯಿಂದ ದನಿ ತುಂಡುತುಂಡಾಗಿ ಬಂತು. "ಎಂಜಿನ್ ನಿಂತೋಯ್ತು ಅಜ್ಜಿ. ದಿಬ್ಬ ಕಾಣ್ತಿತ್ತು. ಈಜಿದ್ರೆ ಹತ್ತು ನಿಮಿಷ. ಹುಟ್ಟು ಹಾಕಿ ಹಾಕಿ ನನ್ನ ಭುಜ ಜಾರಿತ್ತು. ಅವನು ಹಗ್ಗ ಸೊಂಟಕ್ಕೆ ಕಟ್ಕೊಂಡ, ದಿಬ್ಬ ಹತ್ತಿ ದೋಣಿ ಎಳ್ಕೋತೀನಿ ಅಂದ. ಹಾರೋ ಮುಂಚೆ ನಗ್ತಾ ಒಂದು ಮಾತು ಹೇಳ್ದ. ಮನೆಗೆ ಮುಟ್ಟಿಸು ಅಂದ."

"ಏನ್ ಮಾತು?"

"ಆಡೋ ಮಾತಲ್ಲ."

"ಆಡೋ ಮಾತಲ್ದಿದ್ರೆ ನಂಗೇ ಹೇಳ್ಬೇಕು. ನಾನು ಹುಚ್ಚಿ ಕಣೋ, ಸರ್ಕಾರದ ಕಾಗದ ಇದೆ ನನ್ನತ್ರ."

ಅಜ್ಜಿ ಬೆಡ್‌ಶೀಟು ಎತ್ತಿ ಆಚೆ ನುಸುಳಿದಳು. ಅವಳ ಕಾಲು ಅವನ ಕಾಲಿನ ಪಕ್ಕ ನಿಂತದ್ದು ಕಂಡಿತು. ಪಿಸುಮಾತು ಕೇಳಿಸಿತು, ಮಾತು ಕೇಳಿಸಲಿಲ್ಲ. ಲೆಸಿಯೆಲಿ ಒಂದು ಕ್ಲಿಪ್ಪನ್ನು ಬೆರಳಿಗೆ ಕಚ್ಚಿಸಿಕೊಂಡು ನಿಂತಿದ್ದಳು. ಪೊಲೀಸರ ಕಾಗದದಲ್ಲಿ ಇಲ್ಲದ್ದು, ಪಾದ್ರಿಗೆ ಹೇಳದ್ದು ಏನಿರಬಹುದು ಎಂದು ಹೆದರಿದಳು. ಅಜ್ಜಿ ಈಚೆ ಬಂದಾಗ ಅವಳ ಮುಖದಲ್ಲಿ ಎಂದಿನ ಪೋಲಿ ನಗು ಇರಲಿಲ್ಲ. ಕ್ಲಿಪ್ಪಿನ ಚೀಲದೊಳಗೆ ನೋಡುತ್ತ, ಅದಕ್ಕೇ ಹೇಳುವವಳಂತೆ ಹೇಳಿದಳು.

"ಯಾವಳೋ ಒಬ್ಬಳಿಗೆ ಹಾಸಿಗೇಲಿ ಪಾದ ಮಂಜುಗಡ್ಡೆ ಅಂತೆ. ರಾತ್ರಿ ಗಂಡನ ಹೊಟ್ಟೆಗೆ ಒತ್ತಿಟ್ಕೊಂಡು ಬೆಚ್ಚಗೆ ಮಾಡ್ಕೋತಾಳಂತೆ. ಇವತ್ತು ನಾನು ಬರೋದು ತಡ, ಕಾಲುಚೀಲ ಹಾಕ್ಕೊಂಡು ಮಲಕ್ಕೋ ಅಂತ ಹೇಳು ಅಂದನಂತೆ." ಅಜ್ಜಿ ಉಸಿರೆಳೆದುಕೊಂಡಳು. "ಇವನಿಗೆ ಸಿಟ್ಟು ಬಂತಂತೆ. ತಂಗಿ ಹಾಸಿಗೆ ಮಾತು ಅಣ್ಣನ ಹತ್ರ ಆಡ್ತಾನಲ್ಲ ಅಂತ. ಮುಖ ಆ ಕಡೆ ತಿರುಗಿಸಿ ಕೂತನಂತೆ. ಅವನು ಹಾರಿದ್ದೂ ನೋಡಿಲ್ವಂತೆ. ಸಿಟ್ಟಿಳಿದು ತಿರುಗೋ ಹೊತ್ತಿಗೆ ಹಗ್ಗ ಸಡಿಲ."

ಲೆಸಿಯೆಲಿ ಬೆಡ್‌ಶೀಟಿಗೆ ಮುಖ ಒತ್ತಿದಳು. ಅದು ಬಿಸಿಲಿಗೆ ಬೆಚ್ಚಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ಫೆಲೆತಿ ಹಾಗೆ ಹೇಳಿರುತ್ತಾನೆ. ಬೇರೆ ಯಾರೂ ಹಾಗೆ ಹೇಳುವುದಿಲ್ಲ. ಭಾವನನ್ನು ಕಾಡಿಸಲು ಸಿಕ್ಕ ಒಂದು ಅವಕಾಶವನ್ನೂ ಅವನು ಬಿಟ್ಟವನಲ್ಲ. ಸೆಮಿಸಿ ಕೆಂಪಾಗಿ ಬೇಲಿಯ ಕಡೆ ತಿರುಗುವುದನ್ನು ಮನೆಗೆ ಬಂದು ಅಭಿನಯಿಸಿ ತೋರಿಸುತ್ತಿದ್ದ, ಅವಳು ನಗಬಾರದೆಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಈಗಲೂ ಮೊದಲು ಬಂದದ್ದು ಅದೇ ನಗು. ಬಾಯಿಗೆ ಬಟ್ಟೆ ತುರುಕಿಕೊಂಡಳು. ಉಳಿದದ್ದು ಅದರ ಹಿಂದೆ ಬಂತು, ಭುಜಗಳು ತಾವಾಗಿಯೇ ಕುಲುಕಿದವು. ಶವದ ಮುಂದೆ ಹಾಡುವವರ ನಡುವೆ ಕಲ್ಲಿನಂತೆ ಕೂತಿದ್ದ ಮೂರು ರಾತ್ರಿಗಳಲ್ಲಿ ಬಾರದ್ದು ಇಲ್ಲಿ, ಒಗೆದ ಬಟ್ಟೆಗಳ ಮಧ್ಯೆ ಬಂತು. ಅಜ್ಜಿ ನಡುಗುವ ಕೈಯನ್ನು ಅವಳ ಬೆನ್ನ ಮೇಲಿಟ್ಟಳು. ಅದು ನಡುಗುತ್ತಲೇ ಇತ್ತು, ತಟ್ಟುತ್ತಿದೆಯೋ ಎಂಬಂತೆ.

"ಅಜ್ಜಿ," ಎಂದಳು, ದನಿ ಸರಿಹೋದ ಮೇಲೆ, "ಆ ಕಡೆ ಇರೋರಿಗೆ ಹೇಳು. ಆ ಮಾತಿಗೆ ಯಾವ ಅಣ್ಣ ಆದ್ರೂ ಮುಖ ತಿರುಗಿಸ್ತಾನೆ. ಹೇಳ್ದವನಿಗೂ ಅದು ಗೊತ್ತಿತ್ತು, ತಿರುಗಿಸ್ಲಿ ಅಂತಾನೇ ಹೇಳಿದ್ದು. ಮತ್ತೆ, ಮಾತು ತಲುಪ್ತು ಅಂತ ಹೇಳು."

ಅಜ್ಜಿ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಆಚೆಯ ಕಾಲುಗಳು ಒಂದರ ಮೇಲೊಂದು ಏರಿ, ಮಕ್ಕಳ ಕಾಲಿನಂತೆ ಬೆರಳು ಮಡಚಿಕೊಂಡವು. ಮೂಗೊರೆಸಿಕೊಂಡ ಸದ್ದು ಬಂತು.

"ಲೆಸಿಯೆಲೀ!" ಹಿಂಬಾಗಿಲಿಂದ ವೀಕಾ. "ಗಾಡಿ ಬಂದಿದೆ ಕಣೆ! ಡಾಕ್ಟರಮ್ಮ ಹೊರಟು ನಿಂತಿದಾರೆ!" ಹತ್ತಿರ ಬಂದವಳು ಲೆಸಿಯೆಲಿಯ ಕಣ್ಣು ನೋಡಿದಳು, ಬೆಡ್‌ಶೀಟಿನ ಕೆಳಗಿನ ಕಾಲು ನೋಡಿದಳು. ಪೆನ್ನು ಚಾಚಿದಳು.

ಬುಟ್ಟಿಯ ಮೇಲೆ ಅರ್ಜಿ ಬಿಚ್ಚಿದಾಗ ಮಡಿಕೆಗಳು ಬೆವರಿಗೆ ಒದ್ದೆಯಾಗಿದ್ದವು. ಆ ಕೋಣೆ ಇನ್ನೂ ಅಲ್ಲಿಯೇ ಇತ್ತು, ಮೊದಲ ಚೌಕದೊಳಗೆ, ಕುಂಡದೊಂದಿಗೆ. ಒಳ್ಳೆಯ ಕೋಣೆಯೇ. ಯಾರಾದರೂ ಅಲ್ಲಿಗೆ ಹೋಗಬೇಕು. ಅಲ್ಲಿನ ಎರಡು ಕುರ್ಚಿಗಳಲ್ಲಿ ಸೆಮಿಸಿಯನ್ನೂ ತನ್ನನ್ನೂ ಕೂರಿಸಲು ನೋಡಿದಳು, ಶುಕ್ರವಾರದಂತೆಯೇ ಅವನು ಗೋಡೆಗೆ ತಿರುಗಿದ. ಅವಳು ಮೂರನೆಯದಕ್ಕೆ ಗುರುತು ಹಾಕಿದಳು. ಕೆಳಗಿನ ಗೆರೆಯ ಮೇಲೆ, ಏಕೆ ಎಂಬಲ್ಲಿ, ಅವಳ ಕೈ "ಕೈಗೆ ಕೆಲಸವಿದ್ದರೆ ಹತ್ತಿರ ನಿಲ್ಲಬಹುದು" ಎಂದು ಬರೆಯಿತು.

"ಮೂರನೇದಾ?" ವೀಕಾ ಓದಿ ಕೇಳಿದಳು. "ಅಲ್ಲಿವರೆಗೂ ಹೋಗಿ ಬಂದು ಮತ್ತೆ ಇದೇ ಹೇಲುಚ್ಚೇನಾ?"

"ಇದೇ ಅಕ್ಕ."

"ದೇವರೇ. ಹುಚ್ಚು ಅಂಟುರೋಗ ಅಲ್ಲ ಅಂತ ಯಾರು ಹೇಳಿದ್ದು," ಎಂದು ವೀಕಾ ಅರ್ಜಿಯನ್ನು ಗಾಳಿಯಲ್ಲಿ ಆರಿಸುತ್ತ ಓಡಿದಳು. ಓಡುವಾಗ ಒಂದು ಸಲ ಕಣ್ಣಿಗೆ ಮುಂಗೈ ಒತ್ತಿಕೊಂಡಳು.

ಕೊನೆಯ ಸಾಲು ಉಳಿದಿತ್ತು. ಅವನ ಮುಂದಿನ ಬೆಡ್‌ಶೀಟು ದೊಡ್ಡದು, ಒಬ್ಬರ ಕೈಯಲ್ಲಿ ಮಡಚಲಾಗದ್ದು. ಅವಳು ಈಚೆಯ ಎರಡು ಮೂಲೆ ಹಿಡಿದು ಅಜ್ಜಿಯನ್ನು ನೋಡಿದಳು. ಅಜ್ಜಿ ತನ್ನ ಎರಡು ಕೈ ಎತ್ತಿ, ಅವು ನಡುಗುವುದನ್ನು ತೋರಿಸಿದಳು. "ನನ್ನ ಕೈಲಾಗಲ್ಲಪ್ಪ," ಎಂದು ಆಚೆಗೆ ಹೇಳಿದಳು. ಪೆಟ್ಟಿಗೆ ಕಿರುಗುಟ್ಟಿತು. ಉಗುರಿಲ್ಲದ ಕಾಲು ನೆಲ ಒತ್ತಿತು, ಈ ಸಲ ಎದ್ದಿತು. ಕ್ಲಿಪ್ಪು ಬಿಚ್ಚಿಕೊಂಡು ಬಟ್ಟೆ ತಂತಿಯಿಂದ ಜಾರಿದಾಗ ಆಚೆಯ ಎರಡು ಮೂಲೆಗಳನ್ನು ಯಾರೋ ಹಿಡಿದಿದ್ದರು. ಅವಳು ತಲೆ ಎತ್ತಲಿಲ್ಲ. ಅವನೂ ಎತ್ತಿರಲಿಕ್ಕಿಲ್ಲ. ಬಟ್ಟೆಯನ್ನು ಎಳೆದು ಕೊಡವಿದರು, ಉದ್ದಕ್ಕೆ ಮಡಚಿದರು, ಮತ್ತೆ ಎಳೆದರು. ಅವನ ಎಳೆತದಲ್ಲಿ ಬಲವಿರಲಿಲ್ಲ, ಅವಳು ಅಷ್ಟಕ್ಕೇ ತನ್ನದನ್ನು ಇಳಿಸಿಕೊಂಡಳು. ಹತ್ತೊಂಬತ್ತು ದಿನ ಹಿಡಿಯಲಾಗದ ನಾಡಿ ಬಟ್ಟೆಯ ಉದ್ದಕ್ಕೂ ಅವಳ ಬೆರಳಿಗೆ ಬರುತ್ತಿತ್ತು. ಅಡ್ಡಕ್ಕೆ ಮಡಚಲು ಒಂದು ಹೆಜ್ಜೆ ಮುಂದೆ ಬರಬೇಕು, ಇಬ್ಬರೂ ಬಂದರು. ಮತ್ತೊಂದು ಮಡಿಕೆ, ಮತ್ತೊಂದು ಹೆಜ್ಜೆ. ಇನ್ನೊಂದು ಇಟ್ಟರೆ ಕೈಗೆ ಕೈ ತಾಗುತ್ತದೆ. ಅಲ್ಲಿ ಇಬ್ಬರೂ ನಿಂತರು. ಫುಸಿ ಅಜ್ಜಿ ಅವನ ಕೈಯಿಂದ ಮೂಲೆಗಳನ್ನು ತೆಗೆದುಕೊಂಡು, ನಡುಗುತ್ತ, ಆ ಒಂದು ಹೆಜ್ಜೆಯನ್ನು ತಾನು ನಡೆದು ಅವಳ ಕೈಯಲ್ಲಿಟ್ಟಳು.

"ಕಾಲುಚೀಲ ಎಲ್ಲಿ ಸಿಗುತ್ತೆ ಈ ಊರಲ್ಲಿ, ಈ ಸೆಖೇಲಿ?" ಎಂದು ಲೆಸಿಯೆಲಿ ಅಜ್ಜಿಯನ್ನು ಕೇಳಿದಳು.

ಅಜ್ಜಿ ಬಾಯಿ ತೆರೆಯುವ ಮೊದಲೇ, ಆಚೆ ತಿರುಗಿ ನಿಂತಿದ್ದವನು ದೀವಿ ಹಲಸಿನ ಮರವನ್ನೋ ಹಂದಿಯನ್ನೋ ನೋಡುತ್ತ ಹೇಳಿದ, "ಅಮ್ಮನ ಪೆಟ್ಟಿಗೇಲಿದೆ ಅಜ್ಜಿ. ಜುಲೈಯಲ್ಲೇ ತಂದಿಟ್ಟಿದ್ದೆ."